ಹಾಲಿನ ದರ ಏರಿದರೂ ಹಟ್ಟಿ ಏಕೆ ಬರಿದಾಗುತ್ತಿದೆ: ಕರಾವಳಿಯ ಸಣ್ಣ ಹೈನುಗಾರಿಕೆಯ ಒಳಲೆಕ್ಕ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಳ್ಳಿಗಳಲ್ಲಿ ದಿನ ಆರಂಭವಾಗುವುದು ಹಾಲಿನ ಸೊಸೈಟಿಯಿಂದ. ಬೆಳಗಿನ ಆರೂವರೆಯ ಹೊತ್ತಿಗೆ ಸಣ್ಣ ಕ್ಯಾನು ಹಿಡಿದು ಬರುವವರು, ಎರಡು ಲೀಟರಿನವರು, ಆರು ಲೀಟರಿನವರು, ಹಾಲು ಅಳೆಸಿ, ಫ್ಯಾಟ್ ನೋಡಿಸಿ, ಚೀಟಿ ಪಡೆದು ಹಿಂದಿರುಗುತ್ತಾರೆ. ಈ ಸಾಲು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿರುವುದನ್ನು ಹಳ್ಳಿಯಲ್ಲಿರುವ ಯಾರೂ ಗಮನಿಸದಿರಲಾರರು. ಕರಾವಳಿಯಲ್ಲಿ ಮಾರಾಟವಾಗುವಷ್ಟು ಹಾಲು ಇಲ್ಲಿಯೇ ಸಿಗದೆ, ಕೊರತೆ ಬಿದ್ದಾಗ ಘಟ್ಟದ ಮೇಲಿನ ಜಿಲ್ಲೆಗಳಿಂದ ತರಿಸಬೇಕಾಗುತ್ತಿದೆ.

ಇದಕ್ಕೆ ದರ ಕಡಿಮೆ ಎಂಬುದೊಂದೇ ಕಾರಣ ಎಂದು ಹೇಳುವುದು ರೂಢಿ. ಆದರೆ ದರ ನಿಂತಲ್ಲೇ ನಿಂತಿಲ್ಲ. ಸಂಘಕ್ಕೆ ಹಾಕುವ ಹಾಲಿಗೆ ರಾಜ್ಯ ಸರಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ನೀಡಲು ಆರಂಭಿಸಿ, 2013ರಲ್ಲಿ ಅದನ್ನು 4 ರೂಪಾಯಿಗೂ 2016ರಲ್ಲಿ 5 ರೂಪಾಯಿಗೂ ಏರಿಸಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಮಾರಾಟ ದರ ಲೀಟರಿಗೆ 4 ರೂಪಾಯಿ ಹೆಚ್ಚಾದಾಗಲೂ ಆ ಹೆಚ್ಚಳ ಉತ್ಪಾದಕರಿಗೆ ಸೇರಬೇಕೆಂಬುದೇ ಉದ್ದೇಶವಾಗಿತ್ತು. ಇಷ್ಟಾದರೂ ಹಟ್ಟಿಗಳು, ಅಂದರೆ ದನದ ಕೊಟ್ಟಿಗೆಗಳು, ಬರಿದಾಗುತ್ತಿವೆಯೆಂದರೆ, ನಾವು ಲೆಕ್ಕ ಹಾಕುತ್ತಿರುವ ಕ್ರಮದಲ್ಲೇ ಏನೋ ತಪ್ಪಿದೆ. ದನವನ್ನು ಲೀಟರಿನಿಂದ ಅಳೆಯುವವರಿಗೆ ಹುಲ್ಲು ಕಾಣುವುದಿಲ್ಲ. ಕರಾವಳಿಯ ಹೈನುಗಾರಿಕೆ ಸೋಲುತ್ತಿರುವುದು ಮುಖ್ಯವಾಗಿ ಹುಲ್ಲಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಹೇಗೆಂದು ತಿಳಿಯಬೇಕಾದರೆ ಇಲ್ಲಿನ ಹಟ್ಟಿ ಮೊದಲು ಹೇಗೆ ನಡೆಯುತ್ತಿತ್ತೆಂಬುದನ್ನು ನೋಡಬೇಕು.

ನಮ್ಮ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದೊಂದು ಮನೆಯೂ ತನ್ನ ಗದ್ದೆ, ತೋಟ, ಗುಡ್ಡೆಯ ನಡುವೆ ನಿಂತಿರುತ್ತದೆ. ತಗ್ಗಿನ ಬೈಲು ಗದ್ದೆಯಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ನಡುಮಟ್ಟದ ಮಜಲಿನಲ್ಲಿ ಎರಡು, ಎತ್ತರದ ಬೆಟ್ಟಿನಲ್ಲಿ ಒಂದು. ಭತ್ತ ಮನುಷ್ಯನಿಗಾದರೆ ಬೈಹುಲ್ಲು ದನಕ್ಕೆ. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತವುಡು ಎಲ್ಲವೂ ಅಕ್ಕಚ್ಚಾಗಿ ಹಟ್ಟಿಗೆ ಹೋಗುತ್ತಿತ್ತು. ಗುಡ್ಡೆಯ ಸೊಪ್ಪನ್ನು ಹಟ್ಟಿಯಲ್ಲಿ ದನದ ಕಾಲಡಿಗೆ ಹಾಸಿ, ಸೆಗಣಿ ಗಂಜಲ ಸೇರಿ ಕಳಿತ ಆ ಗೊಬ್ಬರವನ್ನು ಗದ್ದೆಗೂ ಅಡಿಕೆ ತೋಟಕ್ಕೂ ಹೊರುತ್ತಿದ್ದರು. ದನ ಹಗಲಿಡೀ ಗುಡ್ಡೆಯಲ್ಲಿ ಮೇದು ಸಂಜೆ ತಾನಾಗಿ ಮನೆಗೆ ಬರುತ್ತಿತ್ತು. ಹಾಲು ಈ ಸುತ್ತಿನಲ್ಲಿ ಸಿಗುತ್ತಿದ್ದ ಹಲವು ಫಲಗಳಲ್ಲಿ ಒಂದು ಮಾತ್ರವಾಗಿತ್ತು. ಗೊಬ್ಬರಕ್ಕಾಗಿಯೇ ದನ ಸಾಕಿದ ಮನೆಗಳು ಎಷ್ಟೋ ಇದ್ದವು.

1974ರ ತಿದ್ದುಪಡಿಯ ನಂತರ ಭೂಸುಧಾರಣೆ ಈ ಜಿಲ್ಲೆಯಲ್ಲಿ ಬಿಗಿಯಾಗಿ ಜಾರಿಯಾಗಿ, ಗೇಣಿದಾರರು ಉಳುವ ಭೂಮಿಯ ಒಡೆತನ ಕೋರಿ ಡಿಕ್ಲರೇಶನ್ ಕೊಟ್ಟು ಒಡೆಯರಾದರು. ಹೀಗೆ ಸಣ್ಣ ಹಿಡುವಳಿಯ ಅಸಂಖ್ಯ ಕುಟುಂಬಗಳು ಸ್ವಂತ ಜಮೀನಿನ ಮೇಲೆ ನಿಂತ ಕಾಲದಲ್ಲೇ ಸಹಕಾರಿ ಹೈನುಗಾರಿಕೆಯೂ ಬಂದಿತು. ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಆರಂಭವಾದದ್ದೂ 1974ರಲ್ಲೇ; ಅದರ ಕೆಲಸವೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಗಿ ಮುಂದುವರಿಯಿತು. ಇಂದು ಮಂಗಳೂರಿನ ಕುಲಶೇಖರದಲ್ಲಿ ಕೇಂದ್ರವಿರುವ ದಕ್ಷಿಣ ಕನ್ನಡ ಹಾಲು ಒಕ್ಕೂಟ ಎರಡೂ ಜಿಲ್ಲೆಗಳ ಸಂಘಗಳಿಂದ ಹಾಲು ಪಡೆಯುತ್ತದೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಕೈಗೆ ಬರುವ ನಗದು ಸಣ್ಣ ಕೃಷಿಕನ ಮನೆಯಲ್ಲಿ ಮಾಡಿದ ಬದಲಾವಣೆ ದೊಡ್ಡದು. ಅಡಿಕೆಯ ದುಡ್ಡು ವರ್ಷಕ್ಕೊಮ್ಮೆ, ಭತ್ತದ್ದು ಸುಗ್ಗಿಗೊಮ್ಮೆ. ಮಕ್ಕಳ ಶಾಲೆಯ ಖರ್ಚು ಆ ತನಕ ಕಾಯುವುದಿಲ್ಲ. ಕೂಲಿಕಾರರಿಂದಲೂ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಕಂಡುಕೊಂಡ ಈ ನೆಲಕ್ಕೆ ಸಣ್ಣದಾದರೂ ತಪ್ಪದೆ ಬರುವ ಹಣದ ಬೆಲೆ ಚೆನ್ನಾಗಿ ಗೊತ್ತು.

ಈ ಸುತ್ತಿನಲ್ಲಿ ಹೊರಗಿನವರಿಗೆ ಅಷ್ಟಾಗಿ ತಿಳಿಯದ ಒಂದು ಕೊಂಡಿ ಕುಮ್ಕಿ. ವರ್ಗ ಜಮೀನಿನ (ಕೃಷಿಕನ ಸ್ವಂತ ಹಿಡುವಳಿಯ) ಗಡಿಯಿಂದ 450 ಲಿಂಕ್, ಅಂದರೆ ಸುಮಾರು 90 ಮೀಟರ್ ದೂರದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು ಕಡಿಯಲು, ದನ ಮೇಯಿಸಲು, ಕೃಷಿಯ ಅಗತ್ಯಕ್ಕೆ ಮರಮಟ್ಟು ಪಡೆಯಲು ಆ ಜಮೀನಿನ ಕೃಷಿಕನಿಗೆ ಇರುವ ಸವಲತ್ತೇ ಕುಮ್ಕಿ. ಬ್ರಿಟಿಷರ ಕಾಲದಿಂದ ಬಂದ ಈ ಪದ್ಧತಿಯನ್ನು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಕಲಮು ಉಳಿಸಿಕೊಂಡಿದೆ. ಭೂಮಿಯ ಒಡೆತನ ಸರಕಾರದ್ದು, ಉಪಯೋಗದ ಹಕ್ಕು ಮಾತ್ರ ಕೃಷಿಕನದ್ದು. ಬಯಲುಸೀಮೆಯಲ್ಲಿ ಊರಿಗೆಲ್ಲ ಸೇರಿದ ಗೋಮಾಳ ಮಾಡುವ ಕೆಲಸವನ್ನು ಇಲ್ಲಿ ಮನೆಮನೆಗೆ ಅಂಟಿಕೊಂಡ ಕುಮ್ಕಿಯೂ, ಯಾರ ಹೆಸರಿನಲ್ಲೂ ಇಲ್ಲದ ಪದವುಗಳೂ, ಅಂದರೆ ಮುರಕಲ್ಲಿನ ಬೋಳು ಗುಡ್ಡೆಬಯಲುಗಳೂ, ಮಾಡುತ್ತಿದ್ದವು. ಮಳೆ ಬಿದ್ದೊಡನೆ ಪದವಿನ ತುಂಬ ಹುಲ್ಲು. ಮಳೆ ನಿಂತ ಮೇಲೆ ಒಣಗಿದ ಮುಳಿಹುಲ್ಲನ್ನು ಕೊಯ್ದು ಮನೆಯ ಮಾಡಿಗೆ ಹೊದಿಸುತ್ತಿದ್ದರು. ಕುಮ್ಕಿಯ ಚರ್ಚೆ ಈಗ ಹೆಚ್ಚಾಗಿ ಅದನ್ನು ಕೃಷಿಕರ ಹೆಸರಿಗೆ ಮಂಜೂರು ಮಾಡಬೇಕೋ ಬೇಡವೋ ಎಂಬುದರ ಸುತ್ತ ನಡೆಯುತ್ತದೆ. ಅದು ಯಾವುದಕ್ಕಾಗಿ ಕೊಟ್ಟ ಸವಲತ್ತು ಎಂಬ ಪ್ರಶ್ನೆ, ಅಂದರೆ ದನದ ಪ್ರಶ್ನೆ, ಆ ಚರ್ಚೆಯಲ್ಲಿ ಕೇಳಿಬರುವುದು ಅಪರೂಪವಾಗಿರುವುದು ನನಗೆ ಬಹಳ ಬೇಸರದ ಸಂಗತಿ.

ಮುಂದೆ ಈ ಸುತ್ತು ಒಂದೊಂದೇ ಕಡೆ ಬಿಚ್ಚಿಕೊಂಡಿತು. ಕೂಲಿಯಾಳು ಸಿಗದೆ, ಭತ್ತ ಗಿಟ್ಟದೆ, ಗದ್ದೆಗಳು ಅಡಿಕೆ ತೋಟಗಳಾದವು ಇಲ್ಲವೇ ಬೆಳೆಯಿಲ್ಲದೆ ಹಡಿಲು ಬಿದ್ದವು. ಉಳಿದ ಗದ್ದೆಗೆ ಕಟಾವು ಯಂತ್ರ ಬಂದಾಗ ಹುಲ್ಲು ಪುಡಿಯಾಗಿ ಕೆಸರಿಗೆ ಬೀಳುವುದು ಸಾಮಾನ್ಯವಾಯಿತು; ಏಣಿಲು ಕೊಯ್ಲಿನ ಅಕ್ಟೋಬರ್ ತಿಂಗಳಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲವಾದ್ದರಿಂದ ಆ ಹುಲ್ಲು ಒಣಗುವ ಮೊದಲೇ ಕೊಳೆಯುತ್ತದೆ. ಗುಡ್ಡೆಗಳು ಗೇರು, ರಬ್ಬರು, ಅಕೇಶಿಯಾ ನೆಡುತೋಪುಗಳಾದವು. ಪದವುಗಳ ಮೇಲೆ ಊರುಗಳೆದ್ದವು. 1953ರಲ್ಲಿ ವೈದ್ಯಕೀಯ ಕಾಲೇಜು ಬರುವ ಮೊದಲು ಮಣಿಪಾಲವೂ ಬೋಳು ಗುಡ್ಡೆಯೇ ಆಗಿತ್ತು. ಇವೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಪ್ರತಿ ಬದಲಾವಣೆಯೂ ದನದ ಬಾಯಿಯಿಂದ ಒಂದು ತುತ್ತನ್ನು ಕಿತ್ತುಕೊಂಡಿತು. ಆ ತುತ್ತಿನ ಬದಲಿಗೆ ಬಂದದ್ದು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಬೈಹುಲ್ಲು ಮತ್ತು ಚೀಲದ ಪಶು ಆಹಾರ, ಎರಡೂ ದುಡ್ಡು ಕೊಟ್ಟು ಕೊಳ್ಳಬೇಕಾದವು.

ಊರ ದನವೋ ಮಿಶ್ರತಳಿಯೋ ಎಂಬ ಬಹಳ ಕಾಲದ ವಾದವನ್ನೂ ಈ ಹಿನ್ನೆಲೆಯಲ್ಲಿಯೇ ನೋಡುವುದು ಸರಿ. ನಮ್ಮ ಊರ ದನ ಮಲೆನಾಡು ಗಿಡ್ಡ. ಅಧಿಕೃತವಾಗಿ ನೋಂದಾಯಿತ ತಳಿ. ಮೈ ಚಿಕ್ಕದು, ಗೊರಸು ಗಟ್ಟಿ, ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಗೆ ಒಗ್ಗಿದ ಜೀವ. ತಪ್ಪದೆ ಕರು ಹಾಕುವುದರಿಂದ ಕೆಲವೆಡೆ ಇದಕ್ಕೆ ವರ್ಷಗಂದಿ ಎಂಬ ಹೆಸರೇ ಇದೆ. ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಡುವ ಈ ದನ ಲಾಭದಾಯಕವಾಗಿದ್ದುದು ಅದರ ಮೇವಿಗೆ ಖರ್ಚೇ ಇರಲಿಲ್ಲವೆಂಬ ಕಾರಣಕ್ಕೆ. ಗುಡ್ಡೆ ಹೋದ ಮೇಲೆ ಅದನ್ನು ಕಟ್ಟಿಹಾಕಿ ಕೊಂಡ ಹಿಂಡಿ ಹಾಕಿದರೆ ಲೆಕ್ಕ ತಾಳೆಯಾಗದು. ಜೆರ್ಸಿ ಅಥವಾ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಎಂಟು ಹತ್ತು ಲೀಟರ್ ಕೊಡಬಲ್ಲದು, ಆದರೆ ಅದಕ್ಕೆ ಬೇಕಾದ ಮೇವನ್ನು ಅಂಗಳಕ್ಕೆ ತಂದೇ ಹಾಕಬೇಕು. ಜೊತೆಗೆ, ರಾತ್ರಿಯೂ ಸೆಕೆ ಇಳಿಯದ ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಅದು ಮೈಬಿಸಿ ಕಳೆದುಕೊಳ್ಳಲಾರದೆ ಏದುಸಿರು ಬಿಡುತ್ತ ಮೇವನ್ನೇ ಕಡಿಮೆ ಮಾಡುತ್ತದೆ. ಯಾವ ತಳಿ ಒಳ್ಳೆಯದೆಂಬ ಪ್ರಶ್ನೆಗೆ ಆ ಮನೆಯಲ್ಲಿ ಯಾವ ಹುಲ್ಲಿದೆ ಎಂಬುದನ್ನು ಕೇಳದೆ ಉತ್ತರ ಹೇಳಲಾಗದು.

ಇನ್ನು ಸೊಸೈಟಿಯ ಚೀಟಿಗೆ ಬರೋಣ, ಏಕೆಂದರೆ ಹುಲ್ಲಿನ ಕೊರತೆ ದುಡ್ಡಿನ ಕೊರತೆಯಾಗುವುದು ಅಲ್ಲಿ. ಹಾಲಿನ ಸುಮಾರು ಶೇ. 87 ಭಾಗ ನೀರು. ಉಳಿದುದರಲ್ಲಿ ಕೊಬ್ಬಿನ ಅಂಶ ಫ್ಯಾಟ್. ಕೊಬ್ಬನ್ನು ಬಿಟ್ಟು ಉಳಿಯುವ ಪ್ರೋಟೀನು, ಹಾಲಿನ ಸಕ್ಕರೆ, ಖನಿಜಗಳು ಸೇರಿ ಎಸ್‌ಎನ್‌ಎಫ್. ಹಸುವಿನ ಹಾಲಿಗೆ ರಾಷ್ಟ್ರೀಯ ಆಹಾರ ಸುರಕ್ಷತಾ ಮಾನದಂಡ ಕನಿಷ್ಠ ಶೇ. 3.2 ಫ್ಯಾಟ್ ಮತ್ತು ಶೇ. 8.3 ಎಸ್‌ಎನ್‌ಎಫ್. ಲ್ಯಾಕ್ಟೋಮೀಟರ್ ಹಾಲಿನ ಸಾಂದ್ರತೆಯನ್ನು ಅಳೆಯುತ್ತದೆ. ಜನ ಅದನ್ನು ಡಿಗ್ರಿ ಎನ್ನುತ್ತಾರೆ. ಒಳ್ಳೆಯ ಹಾಲಿನಲ್ಲಿ ಅದು 28ರಿಂದ 32ರೊಳಗಿರುತ್ತದೆ. ನೀರು ಸೇರಿದರೆ ಡಿಗ್ರಿ ಇಳಿಯುವುದು ಎಲ್ಲರಿಗೂ ಗೊತ್ತು. ಆದರೆ ಕೊಬ್ಬು ನೀರಿಗಿಂತ ಹಗುರವಾದ್ದರಿಂದ ಫ್ಯಾಟ್ ಹೆಚ್ಚಿರುವ ಹಾಲಿನಲ್ಲೂ ಡಿಗ್ರಿ ತುಸು ಕಡಿಮೆ ತೋರುತ್ತದೆ. ಆದ್ದರಿಂದ ಎಸ್‌ಎನ್‌ಎಫ್ ಲೆಕ್ಕ ಹಾಕುವಾಗ ಡಿಗ್ರಿಯ ಕಾಲು ಭಾಗಕ್ಕೆ ಫ್ಯಾಟಿನ ಸುಮಾರು ಐದನೇ ಒಂದು ಭಾಗವನ್ನೂ ಒಂದು ಸಣ್ಣ ಸ್ಥಿರ ಸಂಖ್ಯೆಯನ್ನೂ ಸೇರಿಸುತ್ತಾರೆ.

ಈಗ ಹಸುವಿನ ಹೊಟ್ಟೆಯೊಳಗೆ ನಡೆಯುವುದನ್ನು ನೋಡಿ. ಹುಲ್ಲಿನ ನಾರನ್ನು ಅರಗಿಸುವುದು ಹಸುವಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವು ನಾರನ್ನು ಹುದುಗಿಸಿದಾಗ ಹುಟ್ಟುವ ಅಸಿಟಿಕ್ ಆಮ್ಲವೇ ಹಾಲಿನ ಕೊಬ್ಬಿಗೆ ಮುಖ್ಯ ಕಚ್ಚಾವಸ್ತು. ಉದ್ದನೆಯ ಹುಲ್ಲು ತಿಂದ ಹಸು ಮೆಲುಕು ಹಾಕುತ್ತದೆ, ಮೆಲುಕು ಹಾಕಿದಾಗ ಜೊಲ್ಲು ಸುರಿಯುತ್ತದೆ, ಜೊಲ್ಲಿನಲ್ಲಿರುವ ಕ್ಷಾರ ಹೊಟ್ಟೆಯ ಹುಳಿಯನ್ನು ಹದದಲ್ಲಿಡುತ್ತದೆ. ಹುಲ್ಲು ಕಡಿಮೆ ಮಾಡಿ, ಹಾಲು ಹೆಚ್ಚಲೆಂದು ಹಿಂಡಿಯನ್ನೇ ಸುರಿದರೆ ಹುಳಿ ಏರಿ, ನಾರು ಅರಗಿಸುವ ಜೀವಿಗಳು ಸೊರಗಿ, ಫ್ಯಾಟ್ ಇಳಿಯುತ್ತದೆ. ಮತ್ತೊಂದು ಕಡೆ, ಬರೀ ಬೈಹುಲ್ಲಿನ ಮೇಲೆ ಬಿಟ್ಟರೆ ಆ ಜೀವಿಗಳಿಗೆ ಶಕ್ತಿಯೂ ಸಾರಜನಕವೂ ಸಾಲದೆ ಪ್ರೋಟೀನು ಕುಗ್ಗುತ್ತದೆ, ಎಸ್‌ಎನ್‌ಎಫ್ ಇಳಿಯುತ್ತದೆ. ಬೈಹುಲ್ಲಿನಲ್ಲಿ ಪ್ರೋಟೀನು ಇರುವುದೇ ಶೇ. 3ರಿಂದ 4ರಷ್ಟು. ಹೊರನೋಟಕ್ಕೆ ಕಾಣಿಸದ ಕೆಚ್ಚಲು ಬಾವಿನಲ್ಲೂ ಎಸ್‌ಎನ್‌ಎಫ್ ಇಳಿಯುತ್ತದೆ. ಆದ್ದರಿಂದ ಯಂತ್ರದಲ್ಲಿ ಅಂಕಿ ಕಡಿಮೆ ಬಂದ ಮಾತ್ರಕ್ಕೆ ಹಾಲಿಗೆ ನೀರು ಬಿದ್ದಿದೆ ಎಂದು ತೀರ್ಮಾನಿಸುವುದು ಅನ್ಯಾಯ. ಮಾನವಂತ ಹೆಣ್ಣುಮಗಳೊಬ್ಬಳು ಹತ್ತು ಜನರೆದುರು ಅಂತಹ ಮಾತು ಕೇಳಿ ಮರುದಿನದಿಂದ ಸೊಸೈಟಿಯ ಮೆಟ್ಟಿಲು ಹತ್ತದಿದ್ದರೆ, ಆ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ದಾಖಲಾಗುವುದಿಲ್ಲ. ಹೀಗಾದಾಗ ಕೆಚ್ಚಲಿನ ನಾಲ್ಕೂ ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಪರೀಕ್ಷಿಸುವುದು, ಅನಂತರ ಮೇವನ್ನು ನೋಡುವುದು ಸರಿಯಾದ ಕ್ರಮ.

ಚೀಟಿಯಲ್ಲಿ ಕಾಣಿಸದ, ಆದರೆ ಇದಕ್ಕಿಂತ ದೊಡ್ಡದಾದ ನಷ್ಟ ಇನ್ನೊಂದಿದೆ. ಹಸು ಬೆದೆಗೆ ಬರುವುದು 21 ದಿನಗಳಿಗೊಮ್ಮೆ. ಬೆದೆ ಇರುವುದು ಹೆಚ್ಚೆಂದರೆ ಹನ್ನೆರಡು, ಹದಿನೆಂಟು ಗಂಟೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಬೇಕು. ಒಮ್ಮೆ ತಪ್ಪಿದರೆ ಮೂರು ವಾರ ಹೋಯಿತು. ಒಂದು ಹಸು ಒಂದು ಕರಾವಿನಲ್ಲಿ 2400 ಲೀಟರ್ ಹಾಲು ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಎರಡು ಕರುಗಳ ನಡುವಿನ ಅಂತರ 13 ತಿಂಗಳಾದರೆ, ಸಾಕುವ ಪ್ರತಿದಿನಕ್ಕೆ ಹಂಚಿದಾಗ ಬೀಳುವುದು 6 ಲೀಟರ್. ಅಂತರ 17 ತಿಂಗಳಾದರೆ ಅದು 4.6 ಲೀಟರಿಗೆ ಇಳಿಯುತ್ತದೆ. ಹೆಚ್ಚಿದ ಅವಧಿಯಲ್ಲಿ ಹಸು ಸ್ವಲ್ಪ ಹಾಲು ಕೊಡುತ್ತಲೇ ಇದ್ದರೂ ವ್ಯತ್ಯಾಸ ಪೂರ್ತಿ ತುಂಬಿಬರುವುದಿಲ್ಲ. ಅದೇ ಹಸು, ಅದೇ ಹಟ್ಟಿ, ಅದೇ ದುಡಿಮೆ. ದಿನಕ್ಕೆ ಒಂದು ಲೀಟರಿಗೂ ಮಿಕ್ಕಿದ ಹಾಲು ಯಾರಿಗೂ ತಿಳಿಯದೆ ಹೋಗುತ್ತದೆ. ದರದಲ್ಲಿ ಸಿಗುವ ಒಂದೆರಡು ರೂಪಾಯಿಯ ಏರಿಕೆ ಇದನ್ನು ತುಂಬಿಕೊಡಲಾರದು.

ಹಸು ಏಕೆ ಬೆದೆಗೆ ಬರುವುದಿಲ್ಲ ಎಂದು ಹುಡುಕಿದರೆ ಮತ್ತೆ ಮೇವಿನ ಬುಡಕ್ಕೇ ಬಂದು ನಿಲ್ಲುತ್ತೇವೆ. ಕರು ಹಾಕಿದ ಮೊದಲ ತಿಂಗಳುಗಳಲ್ಲಿ ಹಾಲಿಗಾಗಿ ಹಸು ಮೈಯನ್ನೇ ಕರಗಿಸುತ್ತದೆ. ಆಗ ಹೊಟ್ಟೆ ತುಂಬ ಒಳ್ಳೆಯ ಮೇವು ಸಿಗದಿದ್ದರೆ ದೇಹ ಗರ್ಭದ ಯೋಚನೆಯನ್ನೇ ಮುಂದೂಡುತ್ತದೆ. ಇದರ ಜೊತೆಗೆ, ಜಡಿಮಳೆಗೆ ತೊಳೆದುಹೋದ ನಮ್ಮ ಮುರಕಲ್ಲಿನ ಹುಳಿ ಮಣ್ಣಿನಲ್ಲಿ ಸುಣ್ಣದ ಅಂಶ ಕಡಿಮೆ, ಇರುವ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಮಣ್ಣಿನಲ್ಲಿ ಸಿಗದ್ದು ಹುಲ್ಲಿನಲ್ಲಿಲ್ಲ, ಹುಲ್ಲಿನಲ್ಲಿಲ್ಲದ್ದು ಹಸುವಿಗೂ ಇಲ್ಲ. ಬೈಹುಲ್ಲಿನಲ್ಲಿರುವ ಆಕ್ಸಲೇಟ್ ಸಿಕ್ಕ ಸುಣ್ಣವನ್ನೂ ಕಟ್ಟಿಹಾಕುತ್ತದೆ. ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡಿ ಎಂದು ಪಶುವೈದ್ಯರು ಹೇಳುತ್ತಲೇ ಇರುವುದು ಇದೇ ಕಾರಣಕ್ಕೆ. ನಮ್ಮ ಜಿಲ್ಲೆಯ ಮಟ್ಟಿಗೆ ಅದನ್ನು ಐಚ್ಛಿಕ ಎಂದು ತಿಳಿಯುವಂತಿಲ್ಲ.

ರೋಗಗಳ ವಿಷಯದಲ್ಲಿ ಪರಿಸ್ಥಿತಿ ಮೊದಲಿಗಿಂತ ಉತ್ತಮ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ರೋಗಕ್ಕೆ ಲಸಿಕೆ ಉಚಿತವಾಗಿ ಸಿಗುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆಯೂ ಇದೆ. 2022ರಲ್ಲಿ ದೇಶವ್ಯಾಪಿ ಹರಡಿದ ಚರ್ಮಗಂಟು ರೋಗ ಒಂದೇ ದನವಿರುವ ಮನೆಗೆ ಒಂದು ಸಾವು ಎಂಥ ಹೊಡೆತವೆಂಬುದನ್ನು ತೋರಿಸಿತು. ವಿಮೆ ಮಾಡಿಸಿದವರು ಚೇತರಿಸಿಕೊಂಡರು, ಇಲ್ಲದವರು ಹಟ್ಟಿಗೆ ಬೀಗ ಹಾಕಿದರು.

ಹಾಲು ಬತ್ತಿದ ಮುದಿ ಹಸು ಮತ್ತು ಗಂಡು ಕರುಗಳ ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಎತ್ತಲೇಬೇಕು. ಉಳುಮೆಗೆ ಟಿಲ್ಲರ್ ಬಂದ ಮೇಲೆ ಗಂಡು ಕರುವಿಗೆ ಕೆಲಸವಿಲ್ಲ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ನಿಷೇಧ ಕಾಯಿದೆಯ ನಂತರ ಅವುಗಳ ಮಾರಾಟವೂ ಇಲ್ಲವೆಂಬಷ್ಟು ಕಡಿಮೆಯಾಗಿದೆ. ಕಾಯಿದೆಯ ಕುರಿತು ಅಭಿಪ್ರಾಯ ಏನೇ ಇರಲಿ, ಅವುಗಳನ್ನು ಸಾಕುವ ಖರ್ಚು ಎರಡು ಹಸುವಿನ ಕೃಷಿಕನ ಮೇಲೆಯೇ ಬೀಳುತ್ತಿರುವುದು ಸತ್ಯ. ಸಮಾಜ ಬಯಸಿದ ಸಂರಕ್ಷಣೆಯ ಭಾರವನ್ನು ಸಮಾಜವೂ ಹೊರಬೇಕು. ಶೇ. 90ರಷ್ಟು ಹೆಣ್ಣು ಕರುಗಳೇ ಹುಟ್ಟುವಂತೆ ಮಾಡುವ ಲಿಂಗ ವಿಂಗಡಿತ ವೀರ್ಯ ಈ ಭಾರವನ್ನು ಒಂದಿಷ್ಟು ತಗ್ಗಿಸಬಲ್ಲದು.

ದುಡಿಮೆಯ ಲೆಕ್ಕ ಬೇರೆಯದೇ ಆಗಿದೆ. ಹಟ್ಟಿಯ ಕೆಲಸದ ಬಹುಪಾಲು ಮಾಡುವವರು ಹೆಂಗಸರು. ಸಂಘದ ಸದಸ್ಯತ್ವ ಮಾತ್ರ ಎಷ್ಟೋ ಕಡೆ ಗಂಡನ ಹೆಸರಿನಲ್ಲಿದೆ. ಹೀಗಾಗಿ ಮತವೂ ಸಾಲದ ಅರ್ಹತೆಯೂ ಕೆಲಸ ಮಾಡುವವರ ಕೈಯಲ್ಲಿಲ್ಲ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದ ಮನೆಯಲ್ಲಿ ಅರುವತ್ತು ದಾಟಿದ ದಂಪತಿ ಮದುವೆಯೂಟ ಅರ್ಧಕ್ಕೆ ಮುಗಿಸಿ, ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು. ದನ ಮಾರಿದವರನ್ನು ಕೇಳಿ ನೋಡಿ: ನಷ್ಟ ಎನ್ನುವವರಿಗಿಂತ ‘ಆಗುವುದಿಲ್ಲ ಮಾರಾಯ್ರೆ, ಕೈಕಾಲು ಬರುವುದಿಲ್ಲ’ ಎನ್ನುವವರೇ ಹೆಚ್ಚು. ಹುಲ್ಲು ಕತ್ತರಿಸುವ ಯಂತ್ರ, ತಾನೇ ತುಂಬುವ ನೀರಿನ ಬೋಗುಣಿ, ರಬ್ಬರ್ ಮ್ಯಾಟ್, ಎರಡು ಹಸುವಿಗೂ ಸಾಕಾಗುವ ಹಾಲು ಕರೆಯುವ ಯಂತ್ರ ಇವುಗಳಿಗೆ ಸಿಗುವ ಸಹಾಯಧನ ಹಾಲಿನ ದರದಷ್ಟೇ ಮುಖ್ಯವಾಗುವುದು ಇಲ್ಲಿ. ಅದಕ್ಕೂ ಮಿಗಿಲಾಗಿ, ಒಂದು ಸಂಘದ ವ್ಯಾಪ್ತಿಯಲ್ಲಿ ಬದಲಿಯಾಗಿ ಹಾಲು ಕರೆಯಲು ಬರುವ ಒಬ್ಬರು ನುರಿತವರಿದ್ದರೆ ಎಷ್ಟೋ ಹಟ್ಟಿಗಳು ಉಳಿಯುತ್ತವೆ ಎಂದು ನನಗನಿಸುತ್ತದೆ.

ಗೊಬ್ಬರವನ್ನು ಲೆಕ್ಕಕ್ಕೆ ಸೇರಿಸದೆ ದನದ ಲಾಭನಷ್ಟ ಬರೆಯುವುದು ಇನ್ನೊಂದು ತಪ್ಪು. ವಿಟ್ಲದಲ್ಲಿ ಪ್ರಾದೇಶಿಕ ಕೇಂದ್ರವಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಗೊಬ್ಬರ, 12 ಕಿಲೋ ಹಸಿರೆಲೆ ಬೇಕು. ದಿನಕ್ಕೆ 15 ಕಿಲೋ ಸೆಗಣಿ ಹಾಕುವ ಹಸು ವರ್ಷಕ್ಕೆ ಐದು ಟನ್ನಿಗೂ ಮಿಕ್ಕಿ ಕೊಡುತ್ತದೆ. ಅದು ಕಳಿತು ಅರ್ಧಕ್ಕಿಳಿದರೂ ಇನ್ನೂರು ಮರಗಳಿಗೆ ಸಾಕು. ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕಕ್ಕೆ ದಿನಕ್ಕೆ 50 ಕಿಲೋ ಸೆಗಣಿ ಬೇಕಾಗುವುದರಿಂದ ಮೂರುನಾಲ್ಕು ದನವಿರುವ ಮನೆಯಲ್ಲಿ ಅಡುಗೆಯ ಅನಿಲವೂ ಹಟ್ಟಿಯಿಂದಲೇ ಸಿಗುತ್ತದೆ, ಹೊರಬರುವ ಸ್ಲರಿ ತೋಟಕ್ಕೆ ಹೋಗುತ್ತದೆ.

ಹಾಗಾದರೆ ಹುಲ್ಲು ಎಲ್ಲಿಂದ ಬರಬೇಕು? ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 25ರಿಂದ 30 ಕಿಲೋ ಹಸಿಹುಲ್ಲು ಸಿಕ್ಕರೆ ಹಿಂಡಿಯ ಖರ್ಚು ಹಿಡಿತಕ್ಕೆ ಬರುತ್ತದೆ. ಬಿಸಿಲು, ನೀರು, ಗೊಬ್ಬರ ಮೂರೂ ಇರುವಲ್ಲಿ ನೇಪಿಯರ್ ಹುಲ್ಲು ಎಕರೆಗೆ ವರ್ಷಕ್ಕೆ ನೂರು ಟನ್ನಿಗೂ ಹೆಚ್ಚು ಬರುವುದರಿಂದ ಒಂದು ಹಸುವಿಗೆ ಹತ್ತು ಸೆಂಟ್ಸ್ ಜಾಗ ಸಾಕು. ಆದರೆ ಹಡಿಲು ಬಿದ್ದ ಗದ್ದೆಯೆಂದು ಬೈಲಿನಲ್ಲಿ ನೇಪಿಯರ್ ನೆಟ್ಟರೆ ಬೇರು ಕೊಳೆಯುತ್ತದೆ. ಅದು ಮಜಲಿಗೂ ಬೆಟ್ಟಿಗೂ ತಕ್ಕ ಹುಲ್ಲು. ನೀರು ನಿಲ್ಲುವ ಬೈಲಿಗೆ ಪ್ಯಾರಾ ಹುಲ್ಲು, ತೆಂಗಿನ ತೋಟದ ಅರೆನೆರಳಿಗೆ ಗಿನಿ ಹುಲ್ಲು ಹೊಂದುತ್ತವೆ. 2021ರಲ್ಲಿ ಉಡುಪಿಯಲ್ಲಿ ನಡೆದ ಹಡಿಲು ಭೂಮಿ ಕೃಷಿಯ ಆಂದೋಲನದಂತೆ ಗದ್ದೆಗಳಲ್ಲಿ ಮತ್ತೆ ಭತ್ತ ಬೆಳೆದಾಗ ಅಕ್ಕಿಯೊಡನೆ ಬೈಹುಲ್ಲೂ ಬರುತ್ತದೆ. ಕಟಾವಿನ ಬೆನ್ನಿಗೇ ಹುಲ್ಲನ್ನು ಉಂಡೆ ಕಟ್ಟುವ ಯಂತ್ರವನ್ನೂ ತರಿಸಿದರೆ ಅದು ಹಟ್ಟಿ ಸೇರುತ್ತದೆ. ಆ ಹುಲ್ಲಿಗೆ ನೂರು ಕಿಲೋಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಸಮವಾಗಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಅರಗುವ ಗುಣವೂ ಪ್ರೋಟೀನೂ ಹೆಚ್ಚುತ್ತವೆ. ಯೂರಿಯಾವನ್ನು ನೇರವಾಗಿ ತಿನ್ನಿಸುವುದು ವಿಷ ಎಂಬುದನ್ನು ಮನೆಮಂದಿಗೆಲ್ಲ ತಿಳಿಸಿರಬೇಕು.

ಮಳೆಗಾಲದ ಹುಲ್ಲಿನ ಮೇಲೆ ಪೂರ್ತಿ ನಂಬಿಕೆ ಇಡಬಾರದು. ಅದು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಒಣ ಅಂಶ ಬಹಳ ಕಡಿಮೆ. ಆಗ ಸ್ವಲ್ಪವಾದರೂ ಬೈಹುಲ್ಲು ಸೇರಿಸಲೇಬೇಕು. ಅಡಿಕೆ ಹಾಳೆಯನ್ನು ಸಣ್ಣದಾಗಿ ಕತ್ತರಿಸಿ ಬೈಹುಲ್ಲಿನ ಬದಲಿಗೆ ಬಳಸುವುದುಂಟು. ಬೂಷ್ಟು ಹಿಡಿದದ್ದನ್ನೂ ಬೋರ್ಡೋ ದ್ರಾವಣ ಸಿಂಪಡಿಸಿದ ಬೆನ್ನಿಗೇ ಬಿದ್ದದ್ದನ್ನೂ ಬಿಡುವುದು ಕ್ಷೇಮ. ಬಿಸಿಲಿಗೆ ಒಣಗಿಸಲಾಗದ ಹೆಚ್ಚುವರಿ ಹುಲ್ಲನ್ನು ಅರ್ಧ ದಿನ ಬಾಡಿಸಿ, ಕತ್ತರಿಸಿ, ಡ್ರಮ್ಮಿನಲ್ಲಿ ಒತ್ತಿ ತುಂಬಿ ಸೈಲೇಜ್ ಮಾಡಿದರೆ ಮಾರ್ಚ್ ಏಪ್ರಿಲ್ ತಿಂಗಳ ಕೊರತೆಗೆ ಆಗುತ್ತದೆ.

ನೇಪಿಯರ್ ನೆಡಲು ಮುಂಗಾರಿನ ಮೊದಲ ಮಳೆಯೇ ಸರಿಯಾದ ಸಮಯ. ಜೂನ್ ಆರಂಭದಲ್ಲಿ ಎರಡು ಗೆಣ್ಣಿನ ಕಡ್ಡಿಗಳನ್ನು ಎರಡು ಎರಡೂವರೆ ಅಡಿ ಅಂತರದಲ್ಲಿ ಓರೆಯಾಗಿ ಊರಿದರೆ ಆಗಸ್ಟ್ ಕೊನೆಗೆ ಮೊದಲ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಪ್ರತಿ ಕೊಯ್ಲಿನ ನಂತರ ಹಟ್ಟಿ ತೊಳೆದ ನೀರನ್ನು ಬುಡಕ್ಕೆ ಬಿಟ್ಟರೆ ಬೇರೆ ಗೊಬ್ಬರ ಹೆಚ್ಚು ಬೇಕಾಗುವುದಿಲ್ಲ. ಕಡ್ಡಿಯನ್ನು ಕೊಳ್ಳಬೇಕಾದದ್ದು ಮೊದಲ ಸಲ ಮಾತ್ರ. ಮರುವರ್ಷದಿಂದ ನೆರೆಮನೆಯವರಿಗೂ ಕೊಡುವಷ್ಟು ಕಡ್ಡಿ ನಮ್ಮ ಜಾಗದಲ್ಲೇ ಇರುತ್ತದೆ.